ಬ್ಲೇಡಿನ ಹಲ್ಲು ನೋಡುತ್ತಿದ್ದ ಮಿಸ್ತ್ರಿ

ಮಿಸ್ತ್ರಿಯ ಬಲಗೈ ಹೆಬ್ಬೆರಳಿನ ಉಗುರು ಉಗುರಿನಂತೆ ಕಾಣುತ್ತಿರಲಿಲ್ಲ. ಶಾಲೆಯ ಹಳೆಯ ಪಾಟಿಯನ್ನು ಯಾರೋ ಮೊಳೆಯಿಂದ ಕೆರೆದ ಹಾಗೆ ಅದರ ತುಂಬ ಸಣ್ಣ ಸಣ್ಣ ಗೀರು. ಗರಗಸ ಮಷಿನ್ನಿನ ಬ್ಲೇಡು ಕೈಗೆ ಬಂದರೆ ಸಾಕು, ಅದರ ಹಲ್ಲನ್ನು ಆ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡುತ್ತಿದ್ದರು. ಹಲ್ಲು ಕಚ್ಚಿತೋ, ಸವರಿತೋ, ಜಾರಿತೋ ಅನ್ನುವುದರ ಮೇಲೆ ಆ ಬ್ಲೇಡು ಯಾವುದಕ್ಕೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ ಎಂದು ಹೇಳಿಬಿಡುತ್ತಿದ್ದರು. ಆ ಮಾತು ತಪ್ಪಿದ್ದನ್ನು ನಾನಂತೂ ಕಾಣಲಿಲ್ಲ. ಆದರೆ ಊರು ಅವರನ್ನು ನೆನೆಸಿಕೊಳ್ಳುವುದು ಬ್ಲೇಡು ತಪ್ಪಿದ ಮಿಸ್ತ್ರಿ ಎಂದೇ.

ಹೋದ ಶಿವರಾತ್ರಿಗೆ ನಾಲ್ಕು ದಿನ ಮೊದಲು ಅವರು ತೀರಿಕೊಂಡರು. ಹೆಸರು ಇಲ್ಲಿ ಬರೆಯುವುದಿಲ್ಲ. ಶಹಾಪುರದ ಬಜಾರಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರು ಕಡಿಮೆ. ಮಿಸ್ತ್ರಿ ಅಂದರೆ ಅವರೇ. ಪಕ್ಕದ ಹಳ್ಳಿ ಸಗರದಿಂದ ಸೈಕಲ್ ಮೇಲೆ ಬರುತ್ತಿದ್ದರು, ಮುಂದೆ ಹಳೆಯ ಮೊಪೆಡ್ ಒಂದು ಬಂತು. ಬ್ಲೇಡುಗಳನ್ನು ಹೆಂಡತಿಯ ಹಳೆಯ ಇಳಕಲ್ ಸೀರೆಯ ಚೂರುಗಳಲ್ಲಿ ಒಂದೊಂದನ್ನೇ ಬೇರೆ ಬೇರೆ ಸುತ್ತಿ ಚೀಲದಲ್ಲಿಡುತ್ತಿದ್ದರು. ಕೆಂಪು ಚೂರಿನಲ್ಲಿ ಸಾಗವಾನಿಯದು, ಹಸಿರಿನಲ್ಲಿ ಮೈಕಾದ್ದು. ಇದೇನು ಬಣ್ಣದ ಗುರುತು ಎಂದು ಕೇಳಿದರೆ, “ನನಗಲ್ಲರಿ, ಮನ್ಯಾಗ ಅಕಿಗಿ. ಸೀರಿ ಎಲ್ಲಿ ಹೋತು ಅಂತ ಹುಡುಕಬಾರದಲ್ಲ” ಅನ್ನುತ್ತಿದ್ದರು.

ನಮ್ಮದು ಹಾರ್ಡ್‌ವೇರ್ ಅಂಗಡಿ. ಮುತ್ಯಾನ ಕಾಲಕ್ಕೆ ಹಗ್ಗ, ಕುಡುಗೋಲು, ಬಾವಿಯ ಗಾಲಿ ಮಾರುತ್ತಿದ್ದೆವು. ಅಪ್ಪನ ಕಾಲಕ್ಕೆ ಪೈಪು ಪಂಪು ಬಂದವು. ನನ್ನ ಕಾಲಕ್ಕೆ ಊರಿನ ಮನೆಗಳಿಗೆ ಅಂಚುಪಟ್ಟಿ ಹಚ್ಚಿಸುವ ಚಟ ಬಂತು. ಬಾಗಿಲ ಚೌಕಟ್ಟಿನ ಸುತ್ತ ಪಟ್ಟಿ, ಗೋಡೆಯ ಬುಡಕ್ಕೆ ಪಟ್ಟಿ, ಕಪಾಟಿನ ತುದಿಗೆ ಪಟ್ಟಿ. ಮೊದಲು ಸಾಗವಾನಿಯ ಪಟ್ಟಿ ಮಾತ್ರ ಇತ್ತು. ಆಮೇಲೆ ಮೈಕಾ ಅಂಟಿಸಿದ ಪ್ಲೈವುಡ್ಡು, ಕಟ್ಟಿಗೆಯ ಪುಡಿ ಒತ್ತಿ ಮಾಡಿದ ಎಂಡಿಎಫ್, ಪ್ಲಾಸ್ಟಿಕ್ಕು, ಕಡೆಗೆ ಅಲ್ಯುಮಿನಿಯಂ. ಪಟ್ಟಿಗೊಂದು ಬ್ಲೇಡು ಬಂತು. ಯಾವುದು ಯಾವುದಕ್ಕೆ ಅನ್ನುವುದು ಮಾರುವ ನನಗೇ ಗೊತ್ತಿರಲಿಲ್ಲ. “ನಲವತ್ತು ಹಲ್ಲಿಂದು ಬೇಕೋ, ಅರವತ್ತು ಹಲ್ಲಿಂದೋ?” ಎಂದು ಬಳೆಗಾರನ ಹಾಗೆ ಅಳತೆ ಕೇಳುತ್ತಿದ್ದೆ.

ಮೊದಲ ಸಲ ಮಿಸ್ತ್ರಿಯನ್ನೂ ಹಾಗೇ ಕೇಳಿದೆ. ಅವರು ಗಲ್ಲಾದ ಮುಂದೆ ನಿಂತು ನನ್ನನ್ನು ಒಂದು ಗಳಿಗೆ ನೋಡಿದರು.

“ಸಾವ್ಕಾರ್ರ, ಹಲ್ಲ ಎಷ್ಟ ಅಂತ ಎತ್ತ ಕೊಳ್ಳೋರು ಕೇಳ್ತಾರ. ಹಲ್ಲ ಹೆಂಗ ನಿಂತಾವ ಅಂತ ನಾ ಕೇಳಾಕತ್ತೇನಿ.”

“ನಿಂತಾವ, ಕುಂತಾವ ಅಂದ್ರ ನನಗೇನ್ ಗೊತ್ತ್ರಿ ಮಿಸ್ತ್ರಿ? ಡಬ್ಬಿ ಮ್ಯಾಲ ಬರದಾರ ನೋಡ್ರಿ.”

“ಡಬ್ಬಿ ಓದಿ ಕಟ್ಟಿಗಿ ಕಡ್ಯಾಕ ಬರ್ತದೇನ್ರಿ?”

ಮರುದಿನ ಬರುವಾಗ ಒಂದು ಕಟ್ಟು ತಂದರು. ಕೆಲಸದಲ್ಲಿ ಉಳಿದ ತುಂಡುಪಟ್ಟಿಗಳು, ಎಲ್ಲ ಜಾತಿಯವೂ ಇದ್ದವು. ಅಂಗಡಿಯ ಕಟ್ಟೆಯ ಮೇಲೆ ಮಷಿನ್ ಇಟ್ಟು, ಬೇಕಂತಲೇ ತಪ್ಪು ಬ್ಲೇಡು ಹಾಕಿ ಕೊಯ್ದು ತೋರಿಸಿದರು. ಕಡಿಮೆ ಹಲ್ಲಿನ ಬ್ಲೇಡಿಗೆ ಮೈಕಾದ ಅಂಚು ಚಕ್ಕೆ ಚಕ್ಕೆ ಎದ್ದಿತು. “ಇಲಿ ತಿಂದಂಗ ಆತಿಲ್ಲೋ?” ಅಂದರು. ಪ್ಲಾಸ್ಟಿಕ್ ಪಟ್ಟಿಯನ್ನು ತಡೆದು ತಡೆದು ಕೊಯ್ದಾಗ ಬ್ಲೇಡು ಬಿಸಿಯಾಗಿ ಅದು ಕರಗಿ, ಹಲ್ಲಿಗೆ ಬೆಲ್ಲದ ಪಾಕದಂತೆ ಹತ್ತಿಕೊಂಡಿತು. ಆಮೇಲೆ ಸರಿಯಾದ ಬ್ಲೇಡು ಹಾಕಿ ಅದೇ ಪಟ್ಟಿ ಕೊಯ್ದರು. ತುದಿಯ ಮೇಲೆ ಬೆರಳಾಡಿಸು ಎಂದು ನನ್ನ ಕೈಗೆ ಕೊಟ್ಟರು. ಹಾಲಿನ ಕೆನೆಯ ಹಾಗೆ ನುಣ್ಣಗಿತ್ತು.

ಹಲ್ಲಿನ ನಿಲುವು ಅಂದರೇನು ಎಂದು ಅವತ್ತು ಹೇಳಿದ ಮಾತು ಹಾಗೇ ನೆನಪಿದೆ. “ಕಟ್ಟಿಗಿ ಕಡಿಯೋ ಹಲ್ಲ ಮುಂದಕ್ಕ ಬಾಗಿರ್ತದ್ರಿ, ಹಸದ ಮನಶ್ಯಾ ಗಂಗಾಳದ ಮ್ಯಾಲ ಬಾಗಿದಂಗ. ಅಲ್ಯುಮಿನಿಯಂ ಕಡಿಯೋ ಹಲ್ಲ ಹಿಂದಕ್ಕ ಸರದಿರ್ತದ, ಉಂಡು ಗ್ವಾಡಿಗಿ ಆತು ಕುಂತೋರಂಗ. ಹಸದ ಹಲ್ಲ ತಂದು ಅಲ್ಯುಮಿನಿಯಂಗ ಹಾಕಿದ್ರಿ ಅಂದ್ರ ಒಮ್ಮಿಗೇ ಬಾಯಿ ಹಾಕ್ತದ. ಹಲ್ಲ ಮುರದು ಹಾರ್ತದ, ಇಲ್ಲ ಪಟ್ಟಿ ಹಾರ್ತದ.” ಅಲ್ಯುಮಿನಿಯಂ ಕೊಯ್ಯುವ ಮುಂಚೆ ಬ್ಲೇಡಿಗೆ ಮೇಣಬತ್ತಿ ಸವರುತ್ತಿದ್ದರು.

ಹಲ್ಲಿನ ಲೆಕ್ಕದಲ್ಲಿ ಮೋಸವಿದೆ ಅನ್ನುವುದನ್ನೂ ಅವರೇ ತೋರಿಸಿದರು. ಮೈಕಾಕ್ಕೂ ಎಂಬತ್ತು ಹಲ್ಲಿನ ಬ್ಲೇಡು ಬರುತ್ತದೆ, ಅಲ್ಯುಮಿನಿಯಂಗೂ ಎಂಬತ್ತರದು ಬರುತ್ತದೆ. ಅಳತೆ ಒಂದೇ, ನಡುವಿನ ತೂತು ಒಂದೇ, ದೂರದಿಂದ ನೋಡಿದರೆ ಅವಳಿ ಮಕ್ಕಳು. ಮೈಕಾದ್ದು ಕಟ್ಟಿಗೆಯದರ ಹಾಗೆ ಹಸಿದದ್ದು, ಅಲ್ಯುಮಿನಿಯಂದು ಉಂಡದ್ದು. ಉಗುರಿಗೆ ಹಚ್ಚಿದರೆ ತಿಳಿಯುತ್ತದೆ, ಬೆಳಕಿಗೆ ಹಿಡಿದು ಅಡ್ಡಲಾಗಿ ನೋಡಿದರೂ ತಿಳಿಯುತ್ತದೆ. ನೋಡಬೇಕಷ್ಟೆ.

ಒಮ್ಮೆ ಸುರಪುರದಲ್ಲಿ ವಕೀಲರೊಬ್ಬರ ಹಳೆಯ ಮನೆಗೆ ಸಾಗವಾನಿಯ ಪಟ್ಟಿ ಹಚ್ಚುವ ಕೆಲಸ ಒಪ್ಪಿಕೊಂಡಿದ್ದರು. ಮರುದಿನ ವಕೀಲರ ಮನೆಗೆ ಬೀಗರು ಬರುವವರಿದ್ದರು. ಮುಂಜಾನೆ ಹೋಗಿ ನೋಡಿದರೆ ಅರವತ್ತರ ಬ್ಲೇಡಿನ ಎರಡು ಹಲ್ಲು ಬಿದ್ದಿವೆ. ನನಗೆ ಫೋನ್ ಮಾಡಿದರು, ನಾನು ಬಸ್ಸಿನಲ್ಲಿ ಕಳಿಸುತ್ತೇನೆ ಅಂದೆ. ಬ್ಲೇಡು ತಲುಪುವವರೆಗೆ ಮಿಸ್ತ್ರಿ ವಕೀಲರ ಕಟ್ಟೆಯ ಮೇಲೆ ಸುಮ್ಮನೆ ಕುಳಿತರು. ನಡುನಡುವೆ ವಕೀಲರೇ ನನಗೆ ಫೋನ್ ಮಾಡಿ ಕೂಗಾಡಿದರು.

“ಏನ್ ಮನಶ್ಯಾರ್ರಿ ಇವ್ರು! ಚೀಲದಾಗ ಮತ್ತ್ ನಾಕ ಬ್ಲೇಡ್ ಅದಾವ. ಯಾವುದರ ಒಂದ ಹಾಕಿ ಕಡೀರಿ ಅಂದ್ರ, ‘ನೀವು ಕೋರ್ಟಿಗಿ ಬನೇನ್ ಮ್ಯಾಲ ಹೋಗ್ತೀರೇನ್ರಿ?’ ಅಂತ ನನಗ ಕೇಳಾಕತ್ತಾರ!”

ಬ್ಲೇಡು ಮುಟ್ಟಿದ್ದು ಮಧ್ಯಾಹ್ನ. ಹೊತ್ತು ಮುಳುಗುವುದರೊಳಗೆ ಮೂರು ಬಾಗಿಲಿನ ಪಟ್ಟಿ ಕೂಡಿಸಿದರು. ಎರಡು ಪಟ್ಟಿ ಓರೆಯಾಗಿ ಬಂದು ಸೇರುವ ಮೂಲೆಯಲ್ಲಿ ವಕೀಲರು ಕೋರ್ಟಿನ ಕಾಗದದ ತುದಿ ತೂರಿಸಲು ನೋಡಿದರಂತೆ, ಹೋಗಲಿಲ್ಲವಂತೆ. ಮೂಲೆ ಕೂಡಿಸುವುದೇ ಅವರ ಸುಖ. ಒಂದು ಕಣ್ಣು ಮುಚ್ಚಿ, ಬಲಗಣ್ಣಿನಿಂದ ಪಟ್ಟಿಯ ಉದ್ದಕ್ಕೂ ನೋಡಿ, ತಲೆ ಒಂದಿಷ್ಟು ವಾಲಿಸಿ “ಹಾಂ” ಅನ್ನುತ್ತಿದ್ದರು. ಆ “ಹಾಂ” ಬರುವ ತನಕ ಮಷಿನ್ ಚಾಲೂ ಆಗುತ್ತಿರಲಿಲ್ಲ.

ಇಂಥವರನ್ನು ಕಂಡರೆ ಕೆಲಸ ಬೇಗ ಆಗಬೇಕೆನ್ನುವವರಿಗೆ ಉರಿ. ನಮ್ಮ ಅಂಗಡಿಗೆ ಬರುವ ಕಂಟ್ರಾಕ್ಟರ್ ಒಬ್ಬರಿದ್ದಾರೆ, ಶಹಾಪುರದಲ್ಲೂ ಯಾದಗಿರಿಯಲ್ಲೂ ಮನೆ ಕಟ್ಟಿಸುವವರು. ಮಾತಿಗೆ ನಿಂತರೆ ಬಜಾರೇ ಅವರ ಸುತ್ತ ನಿಲ್ಲುತ್ತದೆ. “ದಿನಕ್ಕ ನಾಕ ಸಲ ಬ್ಲೇಡ್ ಬದಲಿ ಮಾಡ್ತೀರಿ. ಮನಿ ಮುಗಿಯೂದು ಯಾವಾಗ್ರಿ ಮಿಸ್ತ್ರಿ?” ಎಂದು ಒಮ್ಮೆ ಕೇಳಿದರು.

“ಮನಿ ಮುಗಿಸೂದು ನಿಮ್ಮ ಕೆಲಸ, ಮೂಲಿ ಕೂಡಿಸೂದು ನಂದು.”

“ಮೂಲಿ ಯಾರ್ ನೋಡ್ತಾರ್ರಿ?”

“ಕಸ ಹೊಡಿಯೋ ಹೆಣ್ಮಕ್ಳು ದಿನಾ ನೋಡ್ತಾರ. ನೀವ್ ಕಸ ಹೊಡದಿಲ್ಲ, ನಿಮಗ ಗೊತ್ತಿಲ್ಲ.”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಕಂಟ್ರಾಕ್ಟರ್ ಕೂಡ ನಕ್ಕರು, ಆದರೆ ಆ ನಗೆಯನ್ನು ಜೇಬಿನಲ್ಲಿ ಇಟ್ಟುಕೊಂಡು ಹೋದರು.

ಮಿಸ್ತ್ರಿಯದು ಒಂದು ರೂಢಿ. ಬ್ಲೇಡು ಕೊಂಡರೆ ಗಲ್ಲಾದ ಮುಂದೆಯೇ ಡಬ್ಬಿ ಬಿಚ್ಚಿ, ಬ್ಲೇಡು ತೆಗೆದು, ಬಾಗಿಲ ಬೆಳಕಿಗೆ ಹಿಡಿದು, ಉಗುರಿಗೆ ಹಚ್ಚಿ ನೋಡಿಯೇ ಒಯ್ಯುವುದು. ಹೊಸ ಡಬ್ಬಿಯಾದರೂ ಅಷ್ಟೇ, ಯಾವ ಕಂಪನಿಯದಾದರೂ ಅಷ್ಟೇ. ಹಿಂದೆ ಎಷ್ಟು ಮಂದಿ ನಿಂತಿದ್ದರೂ ಅವರಿಗೆ ಅವಸರವಿಲ್ಲ. ನನಗೆ ಅದು ಎಷ್ಟೋ ವರ್ಷ ಚೆಂದವೇ ಕಂಡಿತ್ತು. ಒಂದು ದಿನ ಕಾಣಲಿಲ್ಲ. ಅವತ್ತು ಬಿಸಿಲು, ಕರೆಂಟ್ ಇಲ್ಲ, ಪೈಪಿನ ಗಿರಾಕಿಗಳು ಕೂಗುತ್ತಿದ್ದಾರೆ, ಕಂಟ್ರಾಕ್ಟರ್ ಕುರ್ಚಿಯ ಮೇಲೆ ಕುಳಿತಿದ್ದಾರೆ. ಮಿಸ್ತ್ರಿ ಬ್ಲೇಡನ್ನು ಬೆಳಕಿಗೆ ತಿರುಗಿಸುತ್ತಲೇ ಇದ್ದಾರೆ.

“ಏನ್ರಿ ಮಿಸ್ತ್ರಿ, ಕನ್ಯಾ ನೋಡಾಕ ಬಂದೋರಂಗ ನೋಡ್ತೀರಿ! ಇಷ್ಟ ವರ್ಷ ಆತು, ನಮ್ಮ ಮಾಲಿನ ಮ್ಯಾಲ ಭರೋಸಾ ಇಲ್ಲೇನ್ರಿ?” ಅಂದುಬಿಟ್ಟೆ.

ನಗೆಯ ಮಾತಾಗಿಯೇ ಶುರುವಾಗಿತ್ತು, ಕಡೆಗೆ ಸ್ವಲ್ಪ ಖಾರ ಬಿತ್ತು. ಕಂಟ್ರಾಕ್ಟರ್ ಜೋರಾಗಿ ನಕ್ಕರು. ಮಿಸ್ತ್ರಿ ನಗಲಿಲ್ಲ. ಬ್ಲೇಡನ್ನು ಡಬ್ಬಿಯೊಳಗೆ ಮೆಲ್ಲಗೆ ಇಳಿಸಿ ಮುಚ್ಚಳ ಹಾಕಿದರು.

“ಭರೋಸಾ ಅದರಿ ಸಾವ್ಕಾರ್ರ” ಅಂದರು. ಅಷ್ಟೇ.

ಅಂದಿನಿಂದ ನಮ್ಮ ಅಂಗಡಿಯ ಡಬ್ಬಿಯನ್ನು ಅವರು ಬಿಚ್ಚಿ ನೋಡಲಿಲ್ಲ. ಗಲ್ಲಾದ ಮುಂದಷ್ಟೇ ಅಲ್ಲ, ಕೆಲಸದ ಮನೆಯಲ್ಲೂ ಉಗುರಿಗೆ ಹಚ್ಚದೆ ಸೀದಾ ಮಷಿನ್ನಿಗೆ ಏರಿಸುತ್ತಿದ್ದರು ಎಂದು ಆಮೇಲೆ ತಿಳಿಯಿತು. ಬೇರೆಯವರ ಬ್ಲೇಡಾದರೆ ಮೊದಲಿನಂತೆಯೇ ನೋಡುವುದು; ನಮ್ಮದಾದರೆ ನೋಡುವುದಿಲ್ಲ. ನಮ್ಮ ಕಡೆಯ ಹಿರಿಯರು ಹೀಗೆಯೇ ಸರಿ. ಆಡಿದ ಮಾತಿಗೆ ಎದುರುತ್ತರ ಕೊಡುವುದಿಲ್ಲ. ಅದನ್ನು ಹೊತ್ತುಕೊಂಡು ಹೋಗಿ, ನೀನು ಇನ್ನೊಮ್ಮೆ ಆ ಮಾತು ಆಡಬಾರದು, ಹಾಗೆ ನಡೆದುಬಿಡುತ್ತಾರೆ. ನನಗೆ ಒಳಗೊಳಗೆ ಹೆಮ್ಮೆಯೂ ಆಯಿತು. ಎಲ್ಲರ ಮಾಲು ಒರೆಹಚ್ಚುವ ಮಿಸ್ತ್ರಿ ನನ್ನದನ್ನು ನೋಡದೆ ಒಯ್ಯುತ್ತಾರೆ ಎಂದು ಒಂದಿಬ್ಬರ ಮುಂದೆ ಹೇಳಿಕೊಂಡೆ ಕೂಡ.

ಎರಡು ವರ್ಷ ಕಳೆದಿರಬೇಕು. ಯಾದಗಿರಿಯಲ್ಲಿ ಹೊಸದೊಂದು ಬಟ್ಟೆ ಅಂಗಡಿಗೆ ಕನ್ನಡಿಗಳ ಸುತ್ತ ಅಲ್ಯುಮಿನಿಯಂ ಪಟ್ಟಿ ಹಚ್ಚುವ ಕೆಲಸ ಮಿಸ್ತ್ರಿಗೆ ಸಿಕ್ಕಿತ್ತು. ಅಲ್ಯುಮಿನಿಯಂನ ಎಂಬತ್ತರ ಬ್ಲೇಡು ಬೇಕು ಅಂದರು, ಕೊಟ್ಟೆ. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೋದರು. ಮರುದಿನ ಸಂಜೆ ಸುದ್ದಿ ಬಂತು. ಎರಡನೆಯ ಪಟ್ಟಿ ಕೊಯ್ಯುವಾಗ ಬ್ಲೇಡು ಒಮ್ಮೆಲೇ ಕಚ್ಚಿ, ಹಲ್ಲಿನ ತುದಿ ಮುರಿದು ಹಾರಿ, ಬಲಗಣ್ಣಿಗೆ ಹೊಕ್ಕಿದೆ. ಬೆವರಿಗೆ ಮಂಜಾಗುತ್ತದೆಂದು ಕೆಲಸದ ಕನ್ನಡಕವನ್ನು ಆಗಷ್ಟೇ ತೆಗೆದಿಟ್ಟಿದ್ದರಂತೆ. ಕಲಬುರಗಿಗೆ ಒಯ್ದರು ಅಂದರು.

ನಾನು ಅವತ್ತು ಗಿರಾಕಿಗಳನ್ನು ಕಳಿಸಿ ಅಂಗಡಿಯ ಒಳಕೋಣೆಗೆ ಹೋದೆ. ಮೈಕಾದ ಎಂಬತ್ತರ ಡಬ್ಬಿ ಹುಡುಕಿ ತೆಗೆದೆ. ಒಂದೇ ಉಳಿದಿತ್ತು. ಬಿಚ್ಚಿ ಬಾಗಿಲಿಗೆ ತಂದು ಬೆಳಕಿಗೆ ಹಿಡಿದೆ. ಹಲ್ಲು ಹಿಂದಕ್ಕೆ ಸರಿದು ಕುಳಿತಿದ್ದವು. ನಂಬಿಕೆ ಬರದೆ ಉಗುರಿಗೆ ಹಚ್ಚಿದೆ, ಜಾರಿತು. ಹಿಂದಿನ ವಾರ ಯಾರೋ ಗಿರಾಕಿ ಎರಡೂ ನೋಡಬೇಕು ಅಂದಾಗ ಎರಡನ್ನೂ ತೆಗೆದು ಪೇಪರಿನ ಮೇಲೆ ಇಟ್ಟು ತೋರಿಸಿದ್ದೆ. ಅವನು ಕೊಳ್ಳಲಿಲ್ಲ. ಫೋನಿನಲ್ಲಿ ಮಾತಾಡುತ್ತಲೇ ಎರಡನ್ನೂ ಡಬ್ಬಿಗೆ ತುಂಬಿದ್ದೆ. ಇದರದು ಅದಕ್ಕೆ, ಅದರದು ಇದಕ್ಕೆ.

ಕೈಯಲ್ಲಿದ್ದ ಆ ಬ್ಲೇಡನ್ನು ನಾನು ಏನು ಮಾಡಿದೆ ಗೊತ್ತೇ? ಅಲ್ಯುಮಿನಿಯಂ ಎಂದು ಬರೆದ ಬೇರೊಂದು ಖಾಲಿ ಡಬ್ಬಿ ಸಿಕ್ಕಿತು, ಅದರೊಳಗೆ ಹಾಕಿಟ್ಟೆ. ಆ ವಾರದಲ್ಲೇ ಅದು ಮಾರಿಯೂ ಹೋಯಿತು; ನನ್ನ ತಪ್ಪಿಗಿದ್ದ ಒಂದೇ ಗುರುತು ಅದು.

ಕಲಬುರಗಿಯ ಆಸ್ಪತ್ರೆಗೆ ಮೋಸಂಬಿ ತೆಗೆದುಕೊಂಡು ಹೋದೆ. ಕಣ್ಣು ತೆಗೆದುಬಿಟ್ಟಿದ್ದರು. ಮಿಸ್ತ್ರಿ ಅರ್ಧ ಮುಖಕ್ಕೆ ಪಟ್ಟಿ ಕಟ್ಟಿಸಿಕೊಂಡು ಗೋಡೆಗೆ ಒರಗಿದ್ದರು, ಅವರ ಹೆಂಡತಿ ಕಾಲ ಬಳಿ ಕುಳಿತಿದ್ದರು. ನನ್ನ ದನಿ ಕೇಳಿ ಮಿಸ್ತ್ರಿ ತಲೆ ತಿರುಗಿಸಿದರು.

“ಬರ್ರಿ ಸಾವ್ಕಾರ್ರ. ಇಷ್ಟ ದೂರ ಯಾಕ್ ತ್ರಾಸ ತಗೊಂಡ್ರಿ?”

“ಹೆಂಗ ಆತ್ರಿ ಮಿಸ್ತ್ರಿ ಇದು?” ಎಂದು ನಾನು ಕೇಳಿದೆ. ಕೇಳುವ ಬಾಯಿ ಹೇಗೆ ಬಂತೋ ದೇವರಿಗೆ ಗೊತ್ತು.

ಅವರು ಉಳಿದ ಕಣ್ಣಿನಿಂದ ನನ್ನನ್ನೇ ನೋಡಿದರು. “ನಾ ನೋಡದ ಹಾಕಿದ್ನಿರಿ” ಅಂದರು. ಆಮೇಲೆ ಸುಮ್ಮನಾದರು. ಈಗ ಎಣಿಸಿದರೆ, ಆ ಸುಮ್ಮನಿರುವಿಕೆಯೊಳಗೆ ನನಗೊಂದು ಜಾಗ ಬಿಟ್ಟಿದ್ದರು. ನಾನು “ಇರ್ಲಿರಿ, ಜಲ್ದಿ ಆರಾಮಾಗ್ರಿ” ಎಂದು ಮೋಸಂಬಿಯ ಚೀಲವನ್ನು ಮಂಚದ ಕೆಳಗೆ ಇಟ್ಟೆ.

ಅವರು ಊರಿಗೆ ಬರುವುದರೊಳಗೆ ಮಾತು ಊರು ಸೇರಿತ್ತು. ಕಂಟ್ರಾಕ್ಟರ್ ನಮ್ಮ ಅಂಗಡಿಯಲ್ಲೇ ಕುಳಿತು, ನನ್ನ ಚಹಾ ಕುಡಿಯುತ್ತಲೇ ಹೇಳಿದರು: “ಊರ ಮಂದಿಗೆಲ್ಲಾ ಪಾಠ ಹೇಳ್ತಿದ್ರು. ಅಲ್ಯುಮಿನಿಯಂಗ ಕಟ್ಟಿಗಿ ಬ್ಲೇಡ್ ಹಾಕ್ಕೊಂಡಾರ ನೋಡ್ರಿ! ಮುರಿದ ಬ್ಲೇಡ್ ನಾನಽ ನೋಡೇನಿ. ವಯಸ್ಸಾತು, ಬುದ್ಧಿ ಜಾರ್ತು. ಇನ್ನ ಯಾರ್ ಕರೀತಾರ್ರಿ ಅವ್ರಿಗಿ?”

ನಾನು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಡಬ್ಬಿ ನನ್ನದು, ತಪ್ಪು ನನ್ನದು. ಅಂಗಡಿಯಲ್ಲಿ ಐದಾರು ಮಂದಿ ಇದ್ದರು. ಮುತ್ಯಾನ ಕಾಲದ ಅಂಗಡಿ, ಇವರ ಮಾಲು ನಂಬಬೇಡಿ ಅನ್ನುವ ಮಾತು ಬಿದ್ದರೆ ಏನು ಗತಿ ಎಂದು ಲೆಕ್ಕ ಹಾಕಿದೆ. ಇವತ್ತು ಬೇಡ, ಮಿಸ್ತ್ರಿ ಬಂದ ಮೇಲೆ ಅವರ ಎದುರಿಗೇ ಹೇಳಿದರಾಯಿತು ಅಂದುಕೊಂಡೆ. “ಹೌದ್ರಿ, ವಯಸ್ಸು” ಅಂದೆ.

ಮಿಸ್ತ್ರಿ ಬಂದರು. ಒಂದು ಕಣ್ಣಿದ್ದವನಿಗೆ ದೂರ ಹತ್ತಿರ ತಿಳಿಯುವುದಿಲ್ಲ ಎಂದು ನನಗೆ ಗೊತ್ತೇ ಇರಲಿಲ್ಲ. ಚಹಾದ ಕಪ್ಪು ಕೊಟ್ಟರೆ ಅದರ ಒಂದು ಬೆರಳಿನಷ್ಟು ಆಚೆ ಕೈ ಚಾಚಿದರು. “ಒಂದ ಕಣ್ಣ ಮುಚ್ಚಿ ನೋಡೋ ಕೆಲಸ ಉಳೀತ್ರಿ ಈಗ” ಎಂದು ತಾವೇ ನಕ್ಕರು. ಆದರೆ ಅವರು ಮುಚ್ಚುತ್ತಿದ್ದದ್ದು ಎಡಗಣ್ಣು. ನೋಡುತ್ತಿದ್ದ ಕಣ್ಣೇ ಹೋಗಿತ್ತು.

ಮತ್ತೆ ಕೆಲಸ ಹಿಡಿದರು. ಸುರಪುರದ ಅದೇ ವಕೀಲರು ಹಳೆಯ ಅಭಿಮಾನಕ್ಕೆ ಕರೆದಿದ್ದರು. ಮೂಲೆಗಳಲ್ಲಿ ಸಂದು ಬಿತ್ತು. ಮಿಸ್ತ್ರಿ ಕಿತ್ತು ಮತ್ತೆ ಕೊಯ್ದರು, ಮತ್ತೆ ಸಂದು. ವಕೀಲರು ಏನೂ ಅನ್ನದೆ, ಅವರು ಹೋದ ಮೇಲೆ ಬೇರೆಯವರನ್ನು ಕರೆಸಿ ಸಂದಿಗೆ ಕಟ್ಟಿಗೆಪುಡಿ ಕಲಸಿದ ಲಪ್ಪಾ ತುಂಬಿಸಿದರು. ಅದು ಮಿಸ್ತ್ರಿಗೆ ತಿಳಿಯಿತು. ಆ ಮೇಲೆ ಪಟ್ಟಿಯ ಕೆಲಸಕ್ಕೆ ಹೋಗಲಿಲ್ಲ. ಕರೆದವರೂ ಇರಲಿಲ್ಲ. ಕಣ್ಣು ಹೋದದ್ದಕ್ಕೆ ಕರೆಯುವುದಿಲ್ಲ ಎಂದಿದ್ದರೆ ಅವರಿಗೆ ಅಷ್ಟು ನೋಯುತ್ತಿರಲಿಲ್ಲವೇನೋ. ಬ್ಲೇಡಿನ ಗುರುತು ತಪ್ಪಿದವರು ಎಂದು ಕರೆಯುತ್ತಿರಲಿಲ್ಲ. ಸಗರದಲ್ಲೇ ಮಂಚದ ಕಾಲು, ಕೊಡಲಿಯ ಕಾವು ಮಾಡಿಕೊಡುತ್ತ ಉಳಿದರು. ಸಣ್ಣ ಕೈಗರಗಸದ ಕೆಲಸ.

ಆದರೂ ನಮ್ಮ ಅಂಗಡಿಗೆ ಬರುವುದು ಬಿಡಲಿಲ್ಲ. ಮೊಳೆ, ಅಂಟು, ಅಪರೂಪಕ್ಕೆ ಒಂದು ಬ್ಲೇಡು. ಒಂದು ಸಲ ಬ್ಲೇಡು ಕೇಳಿದಾಗ ನಾನೇ ಡಬ್ಬಿ ಬಿಚ್ಚಿ, ಬ್ಲೇಡು ಹೊರತೆಗೆದು ಅವರ ಮುಂದೆ ಹಿಡಿದೆ.

“ನೋಡ್ರಿ ಮಿಸ್ತ್ರಿ. ಉಗುರಿಗಿ ಹಚ್ಚಿ ನೋಡ್ರಿ.”

“ಯಾಕ್ರಿ?”

“ಸುಮ್ನ... ನೋಡ್ರಲ.”

“ಬ್ಯಾಡ್ರಿ. ಭರೋಸಾ ಅದಲ್ಲ” ಎಂದು ಡಬ್ಬಿಗೆ ಕೈ ಚಾಚಿದರು. ಚುಚ್ಚಿದರೋ, ನಿಜಕ್ಕೂ ಅಂದರೋ, ಮುಖದ ಮೇಲೆ ಏನೂ ಬರೆದಿರಲಿಲ್ಲ. ಹೇಳಬೇಕು, ಈಗಲೇ ಹೇಳಬೇಕು ಅಂದುಕೊಳ್ಳುವಷ್ಟರಲ್ಲಿ ಯಾರೋ ಬಂದು ಒಂದೂವರೆ ಇಂಚಿನ ನಲ್ಲಿ ಕೇಳಿದರು. ನಾನು ನಲ್ಲಿ ತರಲು ಒಳಗೆ ಹೋದೆ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒಳಗೇ ಇದ್ದೆ. ಹೊರಗೆ ಬಂದಾಗ ಮೊಪೆಡ್ ಇರಲಿಲ್ಲ.

ಹೀಗೆ ಹನ್ನೊಂದು ವರ್ಷ. ಹೇಳದೆ ಇರುವುದಕ್ಕೆ ಮೊದಮೊದಲು ಕಾರಣ ಬೇಕಾಗುತ್ತದೆ. ಆಮೇಲೆ ಅದೂ ಬೇಕಾಗುವುದಿಲ್ಲ.

ಸತ್ತ ಸುದ್ದಿಯನ್ನು ಸಗರದ ರೈತರೊಬ್ಬರು ಹಗ್ಗ ಕೊಳ್ಳುತ್ತ ಹೇಳಿದರು. ಜ್ವರ ಬಂದಿತ್ತು, ಮೂರನೆಯ ದಿನಕ್ಕೆ ಹೋದರು, ಮಣ್ಣೂ ಆಯಿತು ಅಂದರು. ನಾನು ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಸಗರಕ್ಕೆ ಹೋದೆ. ಅವರ ಮನೆಯವರು ಪಡಸಾಲೆಯಲ್ಲಿ ಕುಳಿತಿದ್ದರು, ಬಂದುಹೋಗುವವರು ಬಂದುಹೋಗಿದ್ದರು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡು ಚಾಪೆ ತೋರಿಸಿದರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಚದುರಿಹೋಯಿತು.

“ಅಕ್ಕಾರ, ಅವತ್ತಿನ ಬ್ಲೇಡು... ತಪ್ಪು ಮಿಸ್ತ್ರೀದಲ್ಲ. ಡಬ್ಬಿ ಅದಲಿ ಬದಲಿ ಮಾಡಿದಾಂವ ನಾನು.”

ಅಳುತ್ತಾರೆ ಅಂದುಕೊಂಡಿದ್ದೆ, ಇಲ್ಲ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಚಾಪೆಯ ಎಳೆಯೊಂದನ್ನು ಕೀಳುತ್ತ ಕುಳಿತರು.

“ಗೊತ್ತದರಿ. ದವಾಖಾನ್ಯಾಗ ನೀವ್ ಬಂದು ಹೋದ ದಿನಾನ ಹೇಳ್ಯಾರ. ಡಬ್ಬಿ ಸಾವ್ಕಾರ್ರ ಅಂಗಡೀದು, ಒಳಗ ಬ್ಯಾರೇದು ಇತ್ತು ಅಂತ.”

“ಮತ್ತ್ ಯಾರ ಮುಂದೂ ಅನ್ಲಿಲ್ಲಲ್ಲ ಅವ್ರು?”

“ನಾನೂ ಅದಽ ಕೇಳಿದ್ನಿ. ಮಂದಿ ಹಿಂಗ್ ಆಡಿಕೊಳ್ಳಾಕತ್ತಾರ, ಒಂದ ಮಾತ ಹೇಳ್ರಿ ಅಂತ ಕಾಲ ಹಿಡಕೊಂಡೀನಿ. ‘ನಾ ಹೇಳಿದ್ರ ತಪ್ಪ ಮಾಡಿ ಮತ್ತೊಬ್ಬರ ಮ್ಯಾಲ ಹಾಕ್ದ ಅಂತಾರ. ಅವ್ರಽ ಹೇಳ್ಬೇಕು, ಹೇಳ್ತಾರ ತಡಿ’ ಅಂದ್ರು. ಬಜಾರಕ್ಕ ಹೋಗಿ ಬಂದಾಗೊಮ್ಮೆ ನಾ ಮಾರಿ ನೋಡ್ತಿದ್ನಿ. ಅವ್ರು ಏನೂ ಅಂತಿರ್ಲಿಲ್ಲ. ಸೀದಾ ಒಳಗ ಹೋಗಿ ಕಾಲ ತೊಳಕೊಳ್ತಿದ್ರು.”

ಮೊಳೆಗೆಂದು, ಅಂಟಿಗೆಂದು ಹನ್ನೊಂದು ವರ್ಷ ಅವರು ನಮ್ಮ ಅಂಗಡಿಗೆ ಬಂದದ್ದು ಯಾಕೆ ಎಂದು ನನಗೆ ಆಗ ತಿಳಿಯಿತು. ಸಗರದಲ್ಲೇ ಮೊಳೆ ಸಿಗುತ್ತದೆ.

ಏಳುವಾಗ ಅವರು ಬಾಗಿಲ ತನಕ ಬಂದರು. “ನನ್ನ ಮುಂದ ಹೇಳಿ ಏನ್ ಮಾಡ್ತೀರಿ ಸಾವ್ಕಾರ್ರ? ನನಗ ಗೊತ್ತಿದ್ದ ಮಾತು. ಎಲ್ಲಿ ಹೇಳ್ಬೇಕೋ ಅಲ್ಲಿ ಹೇಳ್ರಿ.”

ಹೇಳಿದೆ. ಮರುದಿನ ಮುಂಜಾನೆ ಅಂಗಡಿ ತುಂಬಿದ್ದಾಗ, ಕಂಟ್ರಾಕ್ಟರ್ ಕುರ್ಚಿಯ ಮೇಲೆ ಕುಳಿತಿದ್ದಾಗ, ಗಲ್ಲಾ ಬಿಟ್ಟು ಎದ್ದು ನಿಂತು ಹೇಳಿದೆ. ಎರಡು ಬ್ಲೇಡು ಪೇಪರಿನ ಮೇಲೆ ಇಟ್ಟದ್ದು, ಫೋನಿನಲ್ಲಿ ಮಾತಾಡುತ್ತ ತುಂಬಿದ್ದು, ಮಿಸ್ತ್ರಿ ಭರೋಸೆಯ ಮೇಲೆ ನೋಡದೆ ಒಯ್ದದ್ದು, ಉಳಿದ ಬ್ಲೇಡನ್ನು ನಾನು ಡಬ್ಬಿ ಬದಲಿಸಿ ಮಾರಿದ್ದು, ಒಂದನ್ನೂ ಬಿಡಲಿಲ್ಲ.  

ಕಂಟ್ರಾಕ್ಟರ್ ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು.

“ಸಾವ್ಕಾರ್ರ, ಸತ್ತೋರ ಹೆಸರು ಉಳೀಲಿ ಅಂತ ನಿಮ್ಮ ಮ್ಯಾಲ ಹಾಕ್ಕೊಳ್ಳಾಕತ್ತೀರಿ. ನಮಗ ತಿಳಿಯಂಗಿಲ್ಲೇನ್ರಿ?”

“ಇಲ್ಲರಿ, ಖರೇನ ನಂದಽ ತಪ್ಪು. ದೇವ್ರಾಣಿ.”

“ಆಣಿ ಯಾಕ್ ಮಾಡ್ತೀರಿ ಬಿಡ್ರಿ. ಹನ್ನೊಂದ ವರ್ಷ ಇಲ್ಲದ್ದು ಇವತ್ತ ಎಲ್ಲಿಂದ ಬಂತು? ಮುರಿದ ಬ್ಲೇಡ್ ನಾ ನೋಡಿಲ್ಲೇನು? ಅದು ಕಟ್ಟಿಗೀದು ಅಂತ ಸಣ್ಣ ಹುಡುಗಗೂ ತಿಳೀತಿತ್ತು. ಮಿಸ್ತ್ರಿಗಿ ತಿಳೀಲಿಲ್ಲ, ಪಾಪ, ಹೋದ್ರು.” ಆಮೇಲೆ ಎಲ್ಲರ ಕಡೆ ತಿರುಗಿ, “ನೋಡ್ರಿ, ಇದಕ್ಕಂತಾರ ಮನಶ್ಯಾತನ. ಮುತ್ಯಾನ ಕಾಲದ ಅಂಗಡಿ ಸುಮ್ನ ನಡದಿಲ್ಲ” ಅಂದರು.

ಹೌದು ಹೌದು ಅಂದರು ನಾಲ್ಕು ಮಂದಿ. ಹಿರಿಯರೊಬ್ಬರು ಕೈಮುಗಿದರು. ನಾನು ಹೇಳಿದಷ್ಟೂ ಅವರಿಗೆ ನನ್ನ ಮನಸ್ಸು ದೊಡ್ಡದಾಗಿ ಕಂಡಿತು, ಮಿಸ್ತ್ರಿಯ ತಪ್ಪು ಗಟ್ಟಿಯಾಯಿತು. ಆ ವಾರವಿಡೀ ಬೇರೆ ಬೇರೆಯವರ ಮುಂದೆ ಹೇಳಿ ನೋಡಿದೆ. ನನಗಿಂತ ಮುಂಚೆ ಕಂಟ್ರಾಕ್ಟರರ ಮಾತು ಹೋಗಿ ಅಲ್ಲಿ ಕುಳಿತಿರುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ, “ಕೇಳೀವ್ರಿ, ದೊಡ್ಡವರು ನೀವು” ಅನ್ನುತ್ತಿದ್ದರು.

ತಿಂಗಳಾದ ಮೇಲೆ ಮಿಸ್ತ್ರಿಯ ಮನೆಯವರು ಯಾವುದೋ ಕಾಗದದ ಕೆಲಸಕ್ಕೆ ತಹಸೀಲ್ ಕಚೇರಿಗೆ ಬಂದವರು ನಮ್ಮ ಅಂಗಡಿಯ ಮುಂದೆ ನಿಂತರು. ಒಳಗೆ ಬರ್ರಿ ಅಂದೆ, ಬರಲಿಲ್ಲ. ಮೆಟ್ಟಿಲ ಕೆಳಗೆ ಬಿಸಿಲಿನಲ್ಲೇ ನಿಂತು ಕೇಳಿದರು.

“ಹೇಳಿದ್ರೇನ್ರಿ?”

“ಹೇಳಿದ್ನಿ ಅಕ್ಕಾರ. ಎಲ್ಲಾರ ಮುಂದೂ ಹೇಳಿದ್ನಿ.”

“ಏನಂದ್ರು?”

ಸುಳ್ಳು ಹೇಳಬಹುದಿತ್ತು. ಆ ಹೆಣ್ಣುಮಗಳ ಮುಖ ನೋಡಿ ಆಗಲಿಲ್ಲ.

“ನನ್ನ ಹೊಗಳಿದ್ರು ಅಕ್ಕಾರ.”

ಅವರು ಕಾಗದದ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡು, ಬಸ್ ಸ್ಟ್ಯಾಂಡಿನ ಕಡೆಗೆ ನಡೆದುಹೋದರು.